ಬಾರ್ಶಿಯ ದಾಖಲೆಯಲ್ಲಿ ಅರವತ್ತನಾಲ್ಕು ತಾಯಂದಿರು

ಸೊಲ್ಲಾಪುರ ಜಿಲ್ಲೆಯ ಚರಿತ್ರೆಯೆಂದೊಡನೆ ನಾವು ಸಿದ್ಧರಾಮನ ಕೆರೆಯನ್ನೂ ನೂಲಿನ ಗಿರಣಿಗಳನ್ನೂ 1930ರ ಹುತಾತ್ಮರನ್ನೂ ನೆನೆಯುತ್ತೇವೆ. ಇದೇ ಜಿಲ್ಲೆಯ ಬಾರ್ಶಿಯಲ್ಲಿ ರಚಿತವಾದ ಮತ್ತೊಂದು ಅಧ್ಯಾಯವನ್ನು ಮಾತ್ರ ಅಷ್ಟಾಗಿ ನೆನೆಯುವುದಿಲ್ಲ.

1987ರಲ್ಲಿ ಅಲ್ಲಿ ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ರೋಗಿಗಳು ತಾವಾಗಿ ಬರಲೆಂದು ಕಾದು ಕೂಡದೆ, ಕಾರ್ಯಕರ್ತರು ಹಳ್ಳಿಹಳ್ಳಿಗೆ ಹೋಗಿ ರೋಗಲಕ್ಷಣಗಳ ತಿಳಿವಳಿಕೆ ಕೊಟ್ಟರು. ಹೆಂಗಸರನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುತ್ತಿದ್ದುದು ಗರ್ಭಕೋಶದ ಕೊರಳಿನ ಕ್ಯಾನ್ಸರ್.

1999ರಲ್ಲಿ ಬಾರ್ಶಿಯ ನರ್ಗೀಸ್ ದತ್ ಸ್ಮಾರಕ ಆಸ್ಪತ್ರೆ, ಮುಂಬಯಿಯ ಟಾಟಾ ಸ್ಮಾರಕ ಕೇಂದ್ರ ಹಾಗೂ ಫ್ರಾನ್ಸಿನ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ ಕೂಡಿ, ನೆರೆಯ ಉಸ್ಮಾನಾಬಾದ್ ಜಿಲ್ಲೆಯಲ್ಲಿ 30ರಿಂದ 59 ವಯಸ್ಸಿನ 1,31,746 ಸ್ತ್ರೀಯರ ಪ್ರಯೋಗವನ್ನು ಕೈಗೊಂಡವು. ಹಳ್ಳಿಗಳ 52 ಗುಂಪುಗಳನ್ನು ಚೀಟಿ ಎತ್ತಿದಂತೆ ನಾಲ್ಕು ಪಾಲು ಮಾಡಲಾಯಿತು. ಒಂದಕ್ಕೆ ಎಚ್‌ಪಿವಿ ವೈರಾಣುವಿನ ಪರೀಕ್ಷೆ, ಒಂದಕ್ಕೆ ಜೀವಕೋಶಗಳ ಪರೀಕ್ಷೆ, ಒಂದಕ್ಕೆ ಅಸಿಟಿಕ್ ಆಮ್ಲ ಲೇಪಿಸಿ ಕಣ್ಣಿನಿಂದ ನೋಡುವ ಪರೀಕ್ಷೆ. ನಾಲ್ಕನೆಯದಕ್ಕೆ ರೂಢಿಯಲ್ಲಿದ್ದ ಆರೈಕೆಯಷ್ಟೇ. ಎಂಟು ವರ್ಷಗಳ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ವೈರಾಣು ಪರೀಕ್ಷೆಯ ಪಾಲಿನ 34,126 ಸ್ತ್ರೀಯರಲ್ಲಿ ಈ ರೋಗದಿಂದ ತೀರಿಕೊಂಡವರು 34. ನಾಲ್ಕನೆಯ ಪಾಲಿನ 31,488 ಸ್ತ್ರೀಯರಲ್ಲಿ 64. ಉಳಿದೆರಡು ಪರೀಕ್ಷೆಗಳಿಂದ ಸಾವು ಖಚಿತವಾಗಿ ತಗ್ಗಲಿಲ್ಲ. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯೂ ವೈರಾಣು ಪರೀಕ್ಷೆಗೇ ಮೊದಲ ಸ್ಥಾನವನ್ನಿತ್ತಿತು.

ಆ 64 ಮಂದಿಯ ಋಣವೆಂತಹದು? ಪರೀಕ್ಷೆ ಕೊಡದೆ ಕೇವಲ ಗಮನಿಸಿದ್ದು ಸರಿಯೇ ಎಂದು ಹಲವರು ಕೇಳಿದರು. ಆ ಹಳ್ಳಿಗಳಲ್ಲಿ ಯಾವ ತಪಾಸಣೆಯೂ ಇರದಿದ್ದುದರಿಂದ ಯಾರಿಂದಲೂ ಏನನ್ನೂ ಕಸಿದುಕೊಂಡಿಲ್ಲವೆಂಬುದು ಸಮರ್ಥಕರ ಉತ್ತರ. ಹೋಲಿಕೆಯಿಲ್ಲದೆ ಸತ್ಯ ತಿಳಿಯದೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಬಡತನವೇ ಹೋಲಿಕೆಯ ಅಳತೆಗೋಲಾಗುವುದನ್ನು ಒಪ್ಪಲಾರೆವು.

ಈ ಪ್ರಶ್ನೆ ಹಳೆಯದಾಗಿಲ್ಲ. ಅಂಡಾಶಯದ ಕ್ಯಾನ್ಸರಿಗೆ, ಸಾವನ್ನು ತಗ್ಗಿಸುವ ಇಂತಹ ಸಾಮೂಹಿಕ ತಪಾಸಣೆ ಇನ್ನೂ ದೊರೆತಿಲ್ಲ. ಅದು ಬಹುಪಾಲು ತಡವಾಗಿಯೇ ಗೊತ್ತಾಗುತ್ತದೆ. ಪ್ಲಾಟಿನಂ ಔಷಧಕ್ಕೂ ಮಣಿಯದ ಹಂತದಲ್ಲಿ, ದೇಹದ ರಕ್ಷಣಾಶಕ್ತಿಯನ್ನು ಎಚ್ಚರಿಸುವ ಇಮ್ಯುನೊಥೆರಪಿಯನ್ನು ಕಿಮೊಥೆರಪಿಯೊಡನೆ ಕೂಡಿಸಿ ಪರೀಕ್ಷಿಸಲಾಗಿದೆ. ಅವೆಲುಮ್ಯಾಬ್ ಜೊತೆಗಿನ ಪ್ರಯೋಗ ನಿರೀಕ್ಷಿತ ಫಲ ನೀಡಲಿಲ್ಲ. ಪೆಂಬ್ರೊಲಿಝುಮ್ಯಾಬ್ ಜೊತೆಗಿನದು 2025ರಲ್ಲಿ ಆಯುಷ್ಯ ಹೆಚ್ಚಿದ್ದನ್ನು ತೋರಿಸಿತು. ಇಲ್ಲಿಯೂ ಕೆಲವರಿಗೆ ಹೊಸ ಔಷಧ, ಕೆಲವರಿಗೆ ಅದಿಲ್ಲ. ಆದರೆ ಕಿಮೊಥೆರಪಿ ಇಬ್ಬರಿಗೂ ಉಂಟು. ಈ ವ್ಯತ್ಯಾಸವೇ ಮುಖ್ಯವಾದುದು.

ನಾಳೆ ಅಕ್ಕಲಕೋಟೆಯ ತಾಯಿಯೊಬ್ಬಳ ಮುಂದೆ ಇಂತಹ ಸಮ್ಮತಿಪತ್ರ ಬಂದೀತು. ತನಗೆ ಏನು ದೊರೆಯುತ್ತದೆ, ಏನು ದೊರೆಯಲಾರದು ಎಂಬುದು ಅವಳ ಮನೆಮಾತಾದ ಕನ್ನಡದಲ್ಲಿ ತಿಳಿಯದಿದ್ದರೆ, ಅವಳ ಹೆಬ್ಬೆಟ್ಟು ಸಮ್ಮತಿಯೆನಿಸದು. ಗಡಿನಾಡ ಕನ್ನಡಿಗರಾದ ನಾವು ಭಾಷೆಯ ಹಕ್ಕನ್ನು ಕೇಳುವಾಗ ಶಾಲೆ, ಕಚೇರಿಗಳ ಜೊತೆಗೆ ಆಸ್ಪತ್ರೆಯ ಹೆಸರನ್ನೂ ಸೇರಿಸಬೇಕು.