ಊಟದ ತಟ್ಟೆಯಲ್ಲಿ ಮೆಣಸಿನಕಾಯಿಯ ಚರಿತ್ರೆ

ಏಪ್ರಿಲ್ ತಿಂಗಳ ಒಂದು ಸಂಜೆ. ಹಾವೇರಿ, ಬ್ಯಾಡಗಿ ಅಥವಾ ರಾಣೆಬೆನ್ನೂರಿನ ಯಾವುದಾದರೂ ಒಂದು ಮನೆ ಎಂದುಕೊಳ್ಳಿ. ಹಗಲೆಲ್ಲ ಕಾದ ಗೋಡೆಗಳು ಇನ್ನೂ ಆರಿಲ್ಲ. ಒಲೆಯ ಮುಂದೆ ಬಹಳ ಹೊತ್ತು ನಿಲ್ಲಲು ಯಾರಿಗೂ ಮನಸ್ಸಿಲ್ಲ. ಹಿತ್ತಲಿನಿಂದ ನಾಲ್ಕು ಬದನೆಕಾಯಿ (ಇಲ್ಲಿನವರ ಮಾತಿನಲ್ಲಿ ಮುಳಗಾಯಿ), ಒಂದು ಹಿಡಿ ಮೆಂತ್ಯದ ತಪ್ಪಲು, ಒಂದೆರಡು ಎಳೆ ಸವತೆಕಾಯಿ ಬರುತ್ತವೆ. ಮುಳಗಾಯಿ ಎಣ್ಣೆಗಾಯಿಯಾಗುತ್ತದೆ. ತಪ್ಪಲು, ಸವತೆಕಾಯಿ ಹಸಿಯಾಗಿಯೇ ತಟ್ಟೆ ಸೇರುತ್ತವೆ. ಜೊತೆಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ, ಕೊನೆಗೆ ಮಜ್ಜಿಗೆ.

ಇದನ್ನು ನಾವು ಹಿರಿಯರಿಂದ ಬಂದ ಊಟ ಎನ್ನುತ್ತೇವೆ. ಅದು ನಿಜ. ಆದರೆ ಎಷ್ಟು ಹಿಂದಿನ ಹಿರಿಯರು? ಕ್ರಿ.ಶ. 1500ರಲ್ಲಿ ಇದೇ ಊರಿನ ತಟ್ಟೆಯಲ್ಲಿ ಇವುಗಳಲ್ಲಿ ಯಾವುವು ಇದ್ದವು? ಈ ಪ್ರಶ್ನೆಯನ್ನು ನಿಮ್ಮ ತರಗತಿಯಲ್ಲಿ ಕೇಳಿ ನೋಡಿ.

ತಟ್ಟೆಯ ತವರುಗಳು

ಬದನೆ ಮತ್ತು ಸವತೆ ನಮ್ಮ ಉಪಖಂಡದ ಹಳೆಯ ಬೆಳೆಗಳು. ಜೋಳದ ತವರು ಆಫ್ರಿಕದ ಈಶಾನ್ಯ ಭಾಗ. ಅದು ಸಾವಿರಾರು ವರ್ಷಗಳ ಹಿಂದೆಯೇ ಇಲ್ಲಿಗೆ ಬಂದು ನಮ್ಮದಾಗಿದೆ. ಮೆಂತ್ಯ ಪಶ್ಚಿಮ ಏಷ್ಯದ ಕಡೆಯದು. ಆದರೆ ಶೇಂಗಾ ದಕ್ಷಿಣ ಅಮೆರಿಕದ್ದು, ಮೆಣಸಿನಕಾಯಿ ಮೆಕ್ಸಿಕೊದ್ದು. ಎಣ್ಣೆಗಾಯಿಗೆ ಟೊಮೆಟೊ ಹಾಕಿದ್ದರೆ ಅದೂ ಅಮೆರಿಕದ್ದೇ. 1492ರಲ್ಲಿ ಕೊಲಂಬಸ್ ಅಟ್ಲಾಂಟಿಕ್ ಸಾಗರವನ್ನು ದಾಟುವ ಮೊದಲು ಇವುಗಳಲ್ಲಿ ಒಂದೂ ಕನ್ನಡ ನಾಡಿನಲ್ಲಿ ಇರಲಿಲ್ಲ.

ಹಾಗಾದರೆ ಅಂದಿನ ಅಡುಗೆ ಸಪ್ಪೆಯಾಗಿತ್ತೇ? ಖಂಡಿತ ಇಲ್ಲ. ಅಡುಗೆಯ ಬಗ್ಗೆ ಕನ್ನಡದಲ್ಲಿ ಬರೆದಿಡುವ ಪರಂಪರೆ ಬಹಳ ಹಳೆಯದು. ಚಾವುಂಡರಾಯನ ‘ಲೋಕೋಪಕಾರ’ (1025) ಕೃಷಿ, ಗಿಡಮರಗಳ ಆರೈಕೆಯ ಜೊತೆಗೆ ಅಡುಗೆಯನ್ನೂ ಒಳಗೊಂಡ ಗ್ರಂಥ. ಸುಮಾರು 1508ರಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ರಚಿಸಿದ. ಅದರಲ್ಲಿ ಬದನೆಕಾಯಿಯ ಅಡುಗೆಗಳಿಗೆ ದೊಡ್ಡ ಸ್ಥಾನವಿದೆ, ಮೆಣಸಿನಕಾಯಿಗೆ ಇಲ್ಲ. ಅಂದಿನ ಖಾರ ಕರಿಮೆಣಸು, ಹಿಪ್ಪಲಿ, ಶುಂಠಿ, ಸಾಸಿವೆಗಳದು. ಮಂಗರಸನ ಕೃತಿ ಬಂದ ಎರಡೇ ವರ್ಷಗಳಲ್ಲಿ, 1510ರಲ್ಲಿ, ಪೋರ್ಚುಗೀಸರು ಗೋವೆಯನ್ನು ವಶಪಡಿಸಿಕೊಂಡರು. ಅವರ ಹಡಗುಗಳಲ್ಲಿ ಮೆಣಸಿನಕಾಯಿ ಪಶ್ಚಿಮ ಕರಾವಳಿಗೆ ಬಂದು, ಕ್ರಮೇಣ ಘಟ್ಟ ಹತ್ತಿ ಒಳನಾಡಿಗೆ ಹರಡಿತು.

ಈ ಚರಿತ್ರೆಗೆ ನಮ್ಮ ಭಾಷೆಯೇ ಸಾಕ್ಷಿ. ಕೊಲಂಬಸ್ ಹುಡುಕಿ ಹೊರಟದ್ದು ಕರಿಮೆಣಸನ್ನು. ಸಿಕ್ಕಿದ ಬೇರೊಂದು ಖಾರದ ಕಾಯಿಯನ್ನೂ ಯುರೋಪಿನವರು ‘ಪೆಪ್ಪರ್’ ಎಂದೇ ಕರೆದರು. ನಮ್ಮವರೂ ಹೊಸ ಕಾಯಿಯನ್ನು ಹಳೆಯ ಮೆಣಸಿನ ಹೆಸರಿನಿಂದಲೇ ಗುರುತಿಸಿ ‘ಮೆಣಸಿನಕಾಯಿ’ ಎಂದರು. ಸಸ್ಯಶಾಸ್ತ್ರದ ಪ್ರಕಾರ ಇವೆರಡಕ್ಕೂ ಹತ್ತಿರದ ನಂಟಿಲ್ಲ. ಕರಿಮೆಣಸು ವೀಳ್ಯದೆಲೆಯ ಕುಟುಂಬದ ಬಳ್ಳಿ; ಮೆಣಸಿನಕಾಯಿ ಬದನೆ, ಟೊಮೆಟೊ, ಆಲೂಗಡ್ಡೆಗಳ ಬಂಧು. ಎಣ್ಣೆಗಾಯಿಯಲ್ಲಿ ಬದನೆಯೂ ಮೆಣಸಿನಕಾಯಿಯೂ ಕೂಡಿದಾಗ, ಎರಡು ಖಂಡಗಳಲ್ಲಿ ಬೆಳೆದ ಒಂದೇ ಕುಟುಂಬದ ಸದಸ್ಯರು ಸೇರಿದಂತಾಯಿತು.

ಖಾರವನ್ನು ಅಳೆದವರು

ಖಾರದ ರಾಸಾಯನಿಕ ಅಧ್ಯಯನ ಆರಂಭವಾದದ್ದು 19ನೇ ಶತಮಾನದಲ್ಲಿ. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇಲ್ಲೊಂದು ಪರಿಚಿತ ಹೆಸರಿದೆ. ವಿದ್ಯುತ್ ಪ್ರವಾಹ ಕಾಂತಸೂಚಿಯನ್ನು ತಿರುಗಿಸುತ್ತದೆಂದು 1820ರಲ್ಲಿ ತೋರಿಸಿದ ಅರ್ಸ್ಟೆಡ್, ಅದರ ಹಿಂದಿನ ವರ್ಷ ಕರಿಮೆಣಸಿನಿಂದ ಖಾರದ ವಸ್ತುವಾದ ಪೈಪರೀನನ್ನು ಬೇರ್ಪಡಿಸಿದ್ದರು. ಮೆಣಸಿನಕಾಯಿಯ ಖಾರದ ವಸ್ತುವನ್ನು 1876ರಲ್ಲಿ ಶುದ್ಧರೂಪದಲ್ಲಿ ಪಡೆದು ‘ಕ್ಯಾಪ್ಸೈಸಿನ್’ ಎಂದು ಹೆಸರಿಟ್ಟವರು ಇಂಗ್ಲೆಂಡಿನ ಥ್ರೆಶ್. 1912ರಲ್ಲಿ ಅಮೆರಿಕದ ವಿಲ್ಬರ್ ಸ್ಕೋವಿಲ್, ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿನಿಂದ ತೆಳುಗೊಳಿಸುತ್ತಾ ಹೋಗಿ, ಎಷ್ಟು ಪಟ್ಟು ತೆಳುವಾದಾಗ ನಾಲಿಗೆಗೆ ಖಾರ ತಿಳಿಯದೋ ಆ ಸಂಖ್ಯೆಯನ್ನೇ ಅಳತೆಯಾಗಿಸಿದರು.

ಖಾರ ಒಂದು ರುಚಿಯೇ ಅಲ್ಲ ಎಂಬುದು ನಿಮಗೆ ಗೊತ್ತೇ? 1997ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ಕ್ಯಾಪ್ಸೈಸಿನ್‌ಗೆ ಸ್ಪಂದಿಸುವ ಗ್ರಾಹಿಯನ್ನು ನರಕೋಶಗಳಲ್ಲಿ ಗುರುತಿಸಿದರು. ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖಕ್ಕೂ ಅದೇ ಗ್ರಾಹಿ ಸ್ಪಂದಿಸುತ್ತದೆ. ಹೀಗಾಗಿ ಖಾರ ತಿಂದಾಗ ಬಾಯಿ ಸುಟ್ಟಿತೆಂದು ಮಿದುಳು ತಿಳಿಯುತ್ತದೆ. ಈ ಶೋಧಕ್ಕೆ 2021ರಲ್ಲಿ ಜೂಲಿಯಸ್ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ದೇಹ ಬಿಸಿಯಾಗಿದೆ ಎಂಬ ತಪ್ಪು ಸಂದೇಶದಿಂದ ಬೆವರು ಬರುತ್ತದೆ. ಒಂದು ಗ್ರಾಂ ಬೆವರು ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು. ಅದರ ಬಹುಭಾಗವನ್ನು ಅದು ಚರ್ಮದಿಂದ ಪಡೆಯುತ್ತದೆ. ಬಿರುಬೇಸಿಗೆಯಲ್ಲಿ ಖಾರ ಉಂಡು ಅಂಗಳಕ್ಕೆ ಬಂದು ಗಾಳಿಗೆ ಕೂತಾಗ ಹಾಯೆನಿಸುವುದರ ಹಿಂದೆ ಈ ಗುಪ್ತೋಷ್ಣದ ಪಾತ್ರವಿದೆ.

ಬ್ಯಾಡಗಿಯ ಕೆಂಪು

ಬ್ಯಾಡಗಿ ಮೆಣಸಿನಕಾಯಿ ಹೆಸರಾದದ್ದು ಮಾತ್ರ ಖಾರಕ್ಕಲ್ಲ, ಬಣ್ಣಕ್ಕೆ. ಉದ್ದನೆಯ ‘ಕಡ್ಡಿ’, ಗಿಡ್ಡ ದಪ್ಪನೆಯ ‘ಡಬ್ಬಿ’ ಎಂಬ ಎರಡೂ ಬಗೆಗಳ ಒಣಕಾಯಿಯ ಸಿಪ್ಪೆ ಸುಕ್ಕುಗಟ್ಟಿರುತ್ತದೆ. ಖಾರ ಗುಂಟೂರಿನ ಕಾಯಿಗಿಂತ ಬಹಳ ಕಡಿಮೆ. ಬಣ್ಣ ಗಾಢ ಕೆಂಪು. ಈ ಬಣ್ಣಕ್ಕೆ ಮುಖ್ಯ ಕಾರಣ ಕ್ಯಾಪ್ಸಾಂತಿನ್ ಎಂಬ ಕ್ಯಾರೊಟಿನಾಯ್ಡ್. ಇದು ನೀಲಿ ಬೆಳಕನ್ನು ಬಲವಾಗಿ ಹೀರುತ್ತದೆ, ಕೆಂಪನ್ನು ಬಿಟ್ಟುಕೊಡುತ್ತದೆ. ಪುಡಿಯ ಸಾರವನ್ನು ಅಸಿಟೋನ್‌ನಲ್ಲಿ ತೆಗೆದು, 460 ನ್ಯಾನೋಮೀಟರ್ ತರಂಗಾಂತರದ ಬೆಳಕು ಎಷ್ಟು ಹೀರಲ್ಪಟ್ಟಿತೆಂದು ಅಳೆದು ಬಣ್ಣದ ಮೌಲ್ಯವನ್ನು ನಿರ್ಧರಿಸುತ್ತಾರೆ. ಬ್ಯಾಡಗಿ ಕಾಯಿಯಿಂದ ತೆಗೆದ ಓಲಿಯೊರೆಸಿನ್ ಆಹಾರಕ್ಕೂ ಸೌಂದರ್ಯವರ್ಧಕಗಳಿಗೂ ಬಣ್ಣವಾಗಿ ಬಳಕೆಯಾಗುತ್ತದೆ. ಬೆಳಕು, ಶಾಖ, ಆಮ್ಲಜನಕ ಮೂರೂ ಈ ಬಣ್ಣದ ವೈರಿಗಳು. ಬ್ಯಾಡಗಿಯ ಸುತ್ತ ಸಾಲುಸಾಲಾಗಿ ಶೀತಲಗೃಹಗಳು ಎದ್ದಿರುವುದು ಇದಕ್ಕಾಗಿಯೇ.

ಹೆಸರು ಉಳಿದರೆ ಸಾಕೇ?

2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಸಂತೋಷದ ಸಂಗತಿ. ಆದರೆ ಈ ಮಾನ್ಯತೆ ಕಾಪಾಡುವುದು ಹೆಸರನ್ನು, ಬೀಜವನ್ನಲ್ಲ. ಇಂದು ಬ್ಯಾಡಗಿ ಮಾರುಕಟ್ಟೆಗೆ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಗಳಿಂದ ಅಪಾರ ಪ್ರಮಾಣದ ಕಾಯಿ ಬರುತ್ತದೆ. ಅದರಲ್ಲಿ ಹೆಚ್ಚು ಇಳುವರಿಯ ಸಂಕರಣ ತಳಿಗಳೇ ಅಧಿಕ. ಪಕ್ಕದ ರಾಣೆಬೆನ್ನೂರು ತರಕಾರಿಗಳ ಸಂಕರಣ ಬೀಜೋತ್ಪಾದನೆಗೆ ಹೆಸರಾದ ಪ್ರದೇಶ. ಹೂವಿನಿಂದ ಹೂವಿಗೆ ಕೈಯಿಂದಲೇ ಪರಾಗ ಸೇರಿಸುವ ಆ ಕೆಲಸ ಅನೇಕ ಕುಟುಂಬಗಳ ಅನ್ನ. ಇಳುವರಿ ಬೇಕೆನ್ನುವ ರೈತರನ್ನು ದೂರುವಂತಿಲ್ಲ. ಆದರೆ ಸಂಕರಣದ ಕಾಯಿಯ ಬೀಜವನ್ನು ಮತ್ತೆ ಬಿತ್ತಿದರೆ ಅದೇ ಗುಣ ಬರುವುದಿಲ್ಲ. ಮೆಂಡಲ್ ಬಟಾಣಿಯಲ್ಲಿ ಕಂಡಂತೆ ಮುಂದಿನ ಪೀಳಿಗೆಯಲ್ಲಿ ಗುಣಗಳು ಚದುರುತ್ತವೆ. ಕಡ್ಡಿ, ಡಬ್ಬಿಯ ಹಳೆಯ ಬೀಜವನ್ನು ಯಾರೂ ಬಿತ್ತದೆ ಹೋದರೆ, ಶತಮಾನಗಳ ಆಯ್ಕೆಯಿಂದ ನಮ್ಮ ರೈತರು ರೂಪಿಸಿದ ಆ ಬಣ್ಣ ಮತ್ತು ಹಿತವಾದ ಖಾರದ ಹೊಂದಾಣಿಕೆ ಮತ್ತೆ ಸಿಗುವುದು ಕಷ್ಟ.

ಇಲ್ಲಿ ಹಿತ್ತಲು ನೆರವಿಗೆ ಬರಬಲ್ಲದು. ಶಾಲೆಯ ಕೈತೋಟದಲ್ಲಿ ನಾಲ್ಕಾರು ಡಬ್ಬಿ ಗಿಡಗಳನ್ನು ಬೆಳೆಸಿ. ಮೆಣಸಿನಗಿಡದ ಹೂವು ತನ್ನದೇ ಪರಾಗದಿಂದ ಕಾಯಿಕಟ್ಟಬಲ್ಲದು. ಆದರೆ ಕೀಟಗಳು ಬೇರೆ ತಳಿಯ ಪರಾಗವನ್ನೂ ತರುತ್ತವೆ. ಆದ್ದರಿಂದ ಮೊಗ್ಗು ಅರಳುವ ಮೊದಲೇ ತೆಳುಬಟ್ಟೆಯ ಚೀಲ ಕಟ್ಟಿ. ಕಾಯಿ ಕಚ್ಚಿದ ಮೇಲೆ ಚೀಲ ತೆಗೆದು ದಾರದ ಗುರುತು ಹಾಕಿ. ಚೆನ್ನಾಗಿ ಹಣ್ಣಾದ ಆ ಕಾಯಿಗಳ ಬೀಜವನ್ನು ನೆರಳಲ್ಲಿ ಒಣಗಿಸಿ, ಮುಂದಿನ ವರ್ಷಕ್ಕೆ ಎತ್ತಿಡಿ.

ಮನೆಯಲ್ಲಿ ಇನ್ನೊಂದನ್ನು ಮಾಡಿ ನೋಡಿ. ಎರಡು ಗಾಜಿನ ಲೋಟಗಳಲ್ಲಿ ಒಂದಕ್ಕೆ ನೀರು, ಇನ್ನೊಂದಕ್ಕೆ ಶೇಂಗಾ ಎಣ್ಣೆ ಹಾಕಿ ಎರಡಕ್ಕೂ ಚಿಟಿಕೆ ಬ್ಯಾಡಗಿ ಪುಡಿ ಬೆರೆಸಿ. ಅರ್ಧ ಗಂಟೆಯ ನಂತರ ಯಾವುದು ಹೆಚ್ಚು ಕೆಂಪಾಗಿದೆ? ಎಣ್ಣೆಗಾಯಿಯ ಎಣ್ಣೆ ಕೆಂಪಗೆ ತೇಲುವುದೇಕೆ, ಖಾರ ಹತ್ತಿದಾಗ ನೀರಿಗಿಂತ ಕೆನೆಮೊಸರು ವಾಸಿ ಏಕೆ ಎಂಬ ಎರಡೂ ಪ್ರಶ್ನೆಗಳಿಗೆ ಉತ್ತರ ಆ ಲೋಟಗಳಲ್ಲಿ ಸಿಗುತ್ತದೆ.