ಕ್ಲೈಡೊಕ್ರೇನಿಯಲ್ ಡಿಸ್‌ಪ್ಲೇಸಿಯಾ: ಹಲ್ಲಿನ ಬೆಳವಣಿಗೆಯ ಅಧ್ಯಯನದ ಇತಿಹಾಸ

ತಲೆಬುರುಡೆ, ಕೊರಳೆಲುಬು ಮತ್ತು ಹಲ್ಲುಗಳ ಬೆಳವಣಿಗೆಯನ್ನು ಹುಟ್ಟಿನಿಂದಲೇ ಬಾಧಿಸುವ ಅಪರೂಪದ ಆನುವಂಶಿಕ ಸ್ಥಿತಿಗೆ ಕ್ಲೈಡೊಕ್ರೇನಿಯಲ್ ಡಿಸ್‌ಪ್ಲೇಸಿಯಾ ಎಂದು ಹೆಸರು. ಹತ್ತು ಲಕ್ಷಕ್ಕೆ ಒಬ್ಬರಲ್ಲಿ ಇದು ಕಾಣಿಸುತ್ತದೆ ಎಂಬ ಅಂದಾಜು ವೈದ್ಯಗ್ರಂಥಗಳಲ್ಲಿ ರೂಢಿಯಾಗಿದೆ. ಲಕ್ಷಣಗಳು ಸೌಮ್ಯವಾಗಿರುವವರು ಲೆಕ್ಕಕ್ಕೆ ಸಿಗದೆ ಉಳಿಯುವುದರಿಂದ ನಿಜವಾದ ಸಂಖ್ಯೆ ಇನ್ನೂ ಹೆಚ್ಚಿರಬೇಕು. ಮಗುವಿನ ನೆತ್ತಿ ವರ್ಷಗಳಾದರೂ ಕೂಡಿಕೊಳ್ಳುವುದಿಲ್ಲ. ಹಣೆ ಅಗಲವಾಗಿ ಮುಂದಕ್ಕೆ ಬಂದಿರುತ್ತದೆ. ಕೊರಳೆಲುಬು ಪೂರ್ತಿ ಇಲ್ಲದಿದ್ದರೆ ಅಥವಾ ಅರ್ಧಕ್ಕೇ ನಿಂತಿದ್ದರೆ ಎರಡೂ ಭುಜಗಳನ್ನು ಎದೆಯ ಮುಂದೆ ಹತ್ತಿರ ತರಲು ಸಾಧ್ಯವಾಗುತ್ತದೆ. ಬುದ್ಧಿಶಕ್ತಿಗೆ ಸಾಮಾನ್ಯವಾಗಿ ಯಾವ ಕುಂದೂ ಇರುವುದಿಲ್ಲ.

ಇಂಥವರು ದಿನನಿತ್ಯ ಹೆಚ್ಚು ಕಷ್ಟಪಡುವುದು ಭುಜದಿಂದಲ್ಲ, ಬಾಯಿಂದ. ಹಾಲುಹಲ್ಲುಗಳು ಹೆಚ್ಚುಕಡಿಮೆ ಕಾಲಕ್ಕೆ ಸರಿಯಾಗಿ ಬರುತ್ತವೆ, ಆದರೆ ಉದುರುವುದಿಲ್ಲ. ಅವುಗಳ ಜಾಗಕ್ಕೆ ಬರಬೇಕಾದ ಶಾಶ್ವತ ಹಲ್ಲುಗಳು ದವಡೆಯೊಳಗೇ ಉಳಿಯುತ್ತವೆ. ಜೊತೆಗೆ, ಇರಬೇಕಾದ ಸಂಖ್ಯೆಗಿಂತ ಹೆಚ್ಚಿನ ಹಲ್ಲುಗಳೂ ಮೂಳೆಯೊಳಗೆ ಹುಟ್ಟಿ ದಾರಿಗೆ ಅಡ್ಡವಾಗುತ್ತವೆ. ಮೂವತ್ತು ದಾಟಿದವರ ಬಾಯಲ್ಲಿ ಸವೆದ ಹಾಲುಹಲ್ಲುಗಳು, ವಸಡಿನ ಕೆಳಗೆ ಯಾರಿಗೂ ಕಾಣದ ಹತ್ತಾರು ಹಲ್ಲುಗಳು: ಚಿಕಿತ್ಸೆ ಸಿಗದಿದ್ದರೆ ಸ್ಥಿತಿ ಇದು.

ವೈದ್ಯಲೋಕ ಮೊದಲು ಕಂಡದ್ದು ಎಲುಬನ್ನು. ಕೊರಳೆಲುಬಿಲ್ಲದವರ ಬಿಡಿಬಿಡಿ ವರದಿಗಳು 18ನೇ ಶತಮಾನದಿಂದಲೇ ಇವೆ. 1871ರಲ್ಲಿ ಶೊಯ್ಟ್‌ಹೌವರ್ ಎಂಬ ವೈದ್ಯ ತಲೆಬುರುಡೆ ಮತ್ತು ಕೊರಳೆಲುಬಿನ ದೋಷಗಳು ಒಟ್ಟಿಗೇ ಬರುವುದನ್ನು ವಿವರಿಸಿದ. ಪ್ಯಾರಿಸ್‌ನ ನರವೈದ್ಯ ಪಿಯೆರ್ ಮರೀ ಮತ್ತು ಅವನ ಸಹೋದ್ಯೋಗಿ ಪೋಲ್ ಸಾಂತೋನ್ 1897-98ರಲ್ಲಿ ಪ್ರಕಟಿಸಿದ ಬರಹಗಳಿಂದ ಇದಕ್ಕೊಂದು ಸ್ವತಂತ್ರ ಸ್ಥಾನ ಸಿಕ್ಕಿತು. ಅಗಲವಾದ ತಲೆ, ತಡವಾಗಿ ಕೂಡುವ ನೆತ್ತಿ, ಕುಂಠಿತ ಕೊರಳೆಲುಬು, ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವ ಗುಣ: ಈ ನಾಲ್ಕನ್ನು ಅವರು ಮುಖ್ಯ ಲಕ್ಷಣಗಳೆಂದು ಎಣಿಸಿದರು. ಹಲ್ಲು ಆ ಪಟ್ಟಿಯಲ್ಲಿ ಇರಲಿಲ್ಲ.

ಅವರನ್ನು ದೂರುವಂತಿಲ್ಲ. ವಸಡಿನೊಳಗೆ ಏನಿದೆ ಎಂದು ನೋಡುವ ಸಾಧನ ಆಗಷ್ಟೇ ಹುಟ್ಟಿತ್ತು. ರಾಂಟ್‌ಜೆನ್ ಎಕ್ಸ್-ಕಿರಣಗಳನ್ನು ಕಂಡದ್ದು 1895ರ ನವೆಂಬರಿನಲ್ಲಿ. 1896ರ ಜನವರಿಯಲ್ಲಿ ಜರ್ಮನಿಯ ದಂತವೈದ್ಯ ಒಟ್ಟೊ ವಾಲ್ಕ್‌ಹೋಫ್ ತನ್ನದೇ ಹಲ್ಲುಗಳ ಚಿತ್ರ ತೆಗೆಯಲು 25 ನಿಮಿಷ ಕಿರಣಗಳಿಗೆ ಮುಖವೊಡ್ಡಿ ಮಲಗಬೇಕಾಯಿತು. 20ನೇ ಶತಮಾನದ ಮೊದಲ ದಶಕಗಳಲ್ಲಿ ಈ ವಿದ್ಯೆ ಹರಡಿದ ಮೇಲೆ, ಹಲ್ಲೇ ಬಂದಿಲ್ಲ ಎಂದುಕೊಂಡಿದ್ದ ದವಡೆಗಳಲ್ಲಿ ಹಲ್ಲು ತುಂಬಿಕೊಂಡಿರುವುದು ಬೆಳಕಿಗೆ ಬಂತು. ಆದರೂ ಸಣ್ಣ ಫಿಲ್ಮಿನಲ್ಲಿ ಒಂದೊಂದೇ ಮೂಲೆ ಕಾಣುತ್ತಿತ್ತು. ಫಿನ್‌ಲೆಂಡಿನ ಯೂರ್ಯೊ ಪಾತೆರೊ 1940 ಮತ್ತು 50ರ ದಶಕಗಳಲ್ಲಿ ರೂಪಿಸಿದ ವಿಧಾನದಿಂದ ಎರಡೂ ದವಡೆಗಳನ್ನು ಒಂದೇ ಚಿತ್ರದಲ್ಲಿ ನೋಡುವುದು ಸಾಧ್ಯವಾಯಿತು. ನಮ್ಮೂರ ದಂತ ಚಿಕಿತ್ಸಾಲಯಗಳಲ್ಲಿ ಇಂದು ಓಪಿಜಿ ತೆಗೆಸಿಕೊಂಡು ಬನ್ನಿ ಎಂದು ಚೀಟಿ ಬರೆಯುವುದು ಇದಕ್ಕೇ.

ಹಲ್ಲು ಇದೆ ಎಂದು ತಿಳಿದ ಮೇಲೂ ಅದನ್ನು ಉಳಿಸುವ ಯೋಚನೆ ಬರಲು ದಶಕಗಳು ಹಿಡಿದವು. ಈ ಇತಿಹಾಸದಲ್ಲಿ ಅತ್ಯಂತ ನೋವಿನ ಭಾಗ ಇದೇ. ಈ ಹಲ್ಲುಗಳು ತಾವಾಗಿ ಬರುವುದಿಲ್ಲ, ಹಾಗಾಗಿ ಕೆಲಸಕ್ಕೆ ಬಾರದವು ಎಂಬ ನಂಬಿಕೆಯಲ್ಲಿ ವೈದ್ಯರು ಒಂದೋ ಏನೂ ಮಾಡದೆ ಬಿಡುತ್ತಿದ್ದರು, ಇಲ್ಲವೇ ಸಿಕ್ಕ ಹಲ್ಲುಗಳನ್ನೆಲ್ಲ ಕಿತ್ತು ಕಟ್ಟುಹಲ್ಲಿನ ಸೆಟ್ ಕೊಡುತ್ತಿದ್ದರು. ಕೆಲವೊಮ್ಮೆ ಒಳಗಿನವುಗಳನ್ನು ಹಾಗೇ ಬಿಟ್ಟು ಮೇಲೆ ಸೆಟ್ ಕೂರಿಸುತ್ತಿದ್ದರು. ದವಡೆಯಲ್ಲಿ ಹಲ್ಲನ್ನು ಹಿಡಿದುಕೊಳ್ಳುವ ಏಣು ಎತ್ತರವಾಗುವುದು ಹಲ್ಲು ಹೊರಬರುವಾಗ. ಹೊರಬರದ ಕಡೆ ಆ ಏಣು ಬೆಳೆದಿರುವುದೇ ಇಲ್ಲ. ಅಂಥ ದವಡೆಯ ಮೇಲೆ ಸೆಟ್ ಭದ್ರವಾಗಿ ನಿಲ್ಲುವುದಿಲ್ಲ. ಇಪ್ಪತ್ತರ ಹರೆಯದಲ್ಲೇ ಬೊಚ್ಚುಬಾಯಾದವರು ಉಳಿದ ಬದುಕನ್ನೆಲ್ಲ ಜಾರುವ ಸೆಟ್ಟಿನೊಂದಿಗೆ ಕಳೆಯಬೇಕಾಗುತ್ತಿತ್ತು. ಕಿತ್ತ ಹಲ್ಲುಗಳ ಎನಾಮಲ್ಲಿಗೂ ಒಳರಚನೆಗೂ ಬಹುತೇಕ ಯಾವ ರೋಗವೂ ಇರಲಿಲ್ಲ.

ಹಲ್ಲನ್ನು ರೋಗಲಕ್ಷಣಗಳ ನಡುವೆ ಎತ್ತಿ ಕೂರಿಸಿದ ಕೆಲಸಗಳಲ್ಲಿ ದಕ್ಷಿಣ ಆಫ್ರಿಕದ ಡಬ್ಲ್ಯು. ಪಿ. ಯು. ಜಾಕ್ಸನ್ ಅವರ 1951ರ ಅಧ್ಯಯನ ಮುಖ್ಯವಾದದ್ದು. ಚೀನಾದಿಂದ ಬಂದು ದಕ್ಷಿಣ ಆಫ್ರಿಕದಲ್ಲಿ ನೆಲೆಸಿ, ಇಸ್ಲಾಂ ಸ್ವೀಕರಿಸಿ, ಏಳು ಮದುವೆಯಾದ ಒಬ್ಬನ ಸಂತತಿಯನ್ನು ಜಾಕ್ಸನ್ ಹುಡುಕುತ್ತ ಹೋದರು. ಗುರುತಿಸಲು ಸಾಧ್ಯವಾದ 356 ವಂಶಜರಲ್ಲಿ 70 ಮಂದಿಗೆ ಈ ಸ್ಥಿತಿಯಿತ್ತು. ಗಂಡು ಹೆಣ್ಣೆನ್ನದೆ, ಬಾಧಿತರಾದ ತಂದೆ ಅಥವಾ ತಾಯಿಯಿಂದ ನೇರವಾಗಿ ಮಕ್ಕಳಿಗೆ ಇಳಿಯುವ ಪ್ರಬಲ ಆನುವಂಶಿಕತೆಗೆ ಇಷ್ಟು ದೊಡ್ಡ ಕುಟುಂಬದ ಸಾಕ್ಷ್ಯ ಸಿಗುವುದು ಅಪರೂಪ. ಜಾಕ್ಸನ್ ಇದನ್ನು ಎಲುಬು ಮತ್ತು ಹಲ್ಲು ಎರಡರ ದೋಷವೆಂದೇ ಕರೆದರು.

ಹಲ್ಲು ಏಕೆ ಮೇಲೇಳುವುದಿಲ್ಲ? ಲಂಡನ್ನಿನ ಮಾರ್ಟಿನ್ ರಷ್ಟನ್ 1956ರಲ್ಲಿ ಬೇರಿನ ಮೇಲೆ ಬೆರಳಿಟ್ಟರು. ಬೇರನ್ನು ಹೊದ್ದಿರುವ ಸಿಮೆಂಟಮ್ ಪದರದಲ್ಲಿ, ಜೀವಕೋಶಗಳನ್ನು ಒಳಗೊಂಡ ಭಾಗ ಈ ಹಲ್ಲುಗಳಲ್ಲಿ ಕಾಣುತ್ತಿರಲಿಲ್ಲ. ಬಹುಕಾಲ ಇದೇ ಕಾರಣವೆಂದು ಪಠ್ಯಪುಸ್ತಕಗಳು ಹೇಳಿದವು. ಆದರೆ ಅಡ್ಡಿ ತೆಗೆದು ಎಳೆದರೆ ಅದೇ ಹಲ್ಲುಗಳು ಸರಿದು ಬರುತ್ತವೆ ಎಂದು ಚಿಕಿತ್ಸಕರು ತೋರಿಸಿದಾಗ, ಬೇರಿನ ದೋಷವೊಂದೇ ಎಲ್ಲವನ್ನೂ ವಿವರಿಸದು ಎಂಬುದು ಖಚಿತವಾಯಿತು.

ಆ ಚಿಕಿತ್ಸಕರು 1970ರ ದಶಕದವರು. ಶಸ್ತ್ರವೈದ್ಯರೂ ಹಲ್ಲಿಗೆ ಕ್ಲಿಪ್ ಹಾಕುವ ಆರ್ಥೊಡಾಂಟಿಸ್ಟರೂ ಜೊತೆಯಾಗಿ, ಶಾಶ್ವತ ಹಲ್ಲಿನ ಬೇರು ಎಷ್ಟು ಬೆಳೆದಿದೆ ಎಂದು ನೋಡಿಕೊಂಡು ಹಾಲುಹಲ್ಲುಗಳನ್ನು ಹಂತಹಂತವಾಗಿ ಕೀಳುವ, ಹೆಚ್ಚುವರಿ ಹಲ್ಲುಗಳನ್ನು ತೆಗೆಯುವ, ಮೂಳೆ ಸರಿಸಿ ದಾರಿ ಮಾಡುವ ಕ್ರಮ ಟೊರಾಂಟೊ-ಮೆಲ್ಬರ್ನ್ ವಿಧಾನ ಎಂದು ಹೆಸರಾಯಿತು. ಮಗು ಮತ್ತೆ ಮತ್ತೆ ಅರಿವಳಿಕೆಗೆ ಒಳಗಾಗಬೇಕಾದದ್ದು ಅದರ ಕೊರತೆ. ಬೆಲ್‌ಫಾಸ್ಟ್-ಹ್ಯಾಂಬರ್ಗ್ ವಿಧಾನ ಎಲ್ಲವನ್ನೂ ಒಂದೇ ಶಸ್ತ್ರಚಿಕಿತ್ಸೆಗೆ ಇಳಿಸಿತು. ಜೆರುಸಲೇಮಿನ ಏಡ್ರಿಯನ್ ಬೆಕರ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಕ್ರಮ ಇವೆರಡರ ನಡುವಿನದು. ಅದರಲ್ಲಿ ಶಸ್ತ್ರಚಿಕಿತ್ಸೆ ಎರಡು ಬಾರಿ: ಹತ್ತು-ಹನ್ನೆರಡರ ವಯಸ್ಸಿನಲ್ಲಿ ಬಾಚಿಹಲ್ಲುಗಳಿಗಾಗಿ, ಹದಿಮೂರರ ಆಚೆ ಕೋರೆಹಲ್ಲು ಮತ್ತು ಅದರ ಪಕ್ಕದ ಕಿರುದವಡೆ ಹಲ್ಲುಗಳಿಗಾಗಿ. ಮೇಜಿನ ಮೇಲೆ ಮಗು ಮಲಗಿರುವಾಗಲೇ ಹಲ್ಲಿಗೆ ಕೊಂಡಿ ಅಂಟಿಸಿ, ವಸಡನ್ನು ಮುಚ್ಚಿ ಹೊಲಿದು, ಎಳೆಯುವ ಕೆಲಸವನ್ನು ತಂತಿಗೆ ಒಪ್ಪಿಸಲಾಗುತ್ತದೆ. ಬಾಚಿಹಲ್ಲುಗಳಿಗೆ ಮೊದಲ ಸರದಿ ಕೊಟ್ಟಿದ್ದರಲ್ಲಿ ಮಗುವಿನ ಮನಸ್ಸಿನ ಬಗೆಗಿನ ಕಾಳಜಿಯೂ ಇದೆ. ಶಾಲೆಯಲ್ಲಿ ಸಹಪಾಠಿಗಳಿಗೆ ಕಾಣುವುದು ಅವೇ ತಾನೆ.

ಚಿಕಿತ್ಸೆಯ ಸಮಯ ನಿಗದಿ ಮಾಡಲು ಬೆಳವಣಿಗೆಯ ಗಡಿಯಾರ ತಿಳಿಯಬೇಕಿತ್ತು. ಅದನ್ನು ಒದಗಿಸಿದ್ದು ಕೋಪನ್‌ಹೇಗನ್ನಿನ ಯೆನ್‌ಸೆನ್ ಮತ್ತು ಕ್ರೈಬೋರ್ 1990ರಲ್ಲಿ ಪ್ರಕಟಿಸಿದ ಸಂಶೋಧನೆ. ಅವರು ವರ್ಷಗಟ್ಟಲೆಯ ಎಕ್ಸ್-ರೇಗಳನ್ನು ಸಾಲಾಗಿಟ್ಟು ಪರೀಕ್ಷಿಸಿದರು. ಶಾಶ್ವತ ಹಲ್ಲುಗಳು ಹಲವು ವರ್ಷ ಹಿಂದೆ ಬಿದ್ದು ರೂಪುಗೊಳ್ಳುತ್ತವೆ, ಆದರೆ ಕ್ರಮ ತಪ್ಪುವುದಿಲ್ಲ. ಹೆಚ್ಚುವರಿ ಹಲ್ಲುಗಳು ಅವುಗಳ ಜೊತೆಗಲ್ಲ, ಅವುಗಳ ಕಿರೀಟಭಾಗ ಪೂರ್ಣಗೊಳ್ಳುವ ಹೊತ್ತಿಗೆ, ನಾಲಗೆಯ ಪಕ್ಕದಲ್ಲಿ ಮತ್ತು ಮೇಲ್ಭಾಗದಲ್ಲಿ ಹುಟ್ಟುತ್ತವೆ. ಹಲ್ಲುಗಳನ್ನು ಹುಟ್ಟಿಸಿದ ಮೂಲಪದರ ಎಲ್ಲರಲ್ಲೂ ಕೆಲಸ ಮುಗಿದ ಮೇಲೆ ಕರಗಿಹೋಗುತ್ತದೆ. ಇವರಲ್ಲಿ ಅದು ಕರಗದೆ ಉಳಿದು ಮತ್ತೊಮ್ಮೆ ಹಲ್ಲು ಕಟ್ಟಲು ಹೊರಡುತ್ತದೆ ಎಂಬುದು ಅವರ ವಿವರಣೆ. ಹಾಲುಹಲ್ಲಿನ ಹಂಗಿಲ್ಲದೆ ಬರುವ ಮೊದಲ ದವಡೆಹಲ್ಲು ಇವರಲ್ಲಿ ಸಾಮಾನ್ಯವಾಗಿ ಹೊರಬರುತ್ತದೆ ಎಂಬುದನ್ನೂ ಇದರ ಜೊತೆಗಿಟ್ಟು ನೋಡಬೇಕು. ತೊಂದರೆ ದಟ್ಟವಾಗಿರುವುದು ಒಂದು ಹಲ್ಲು ಹೋಗಿ ಇನ್ನೊಂದು ಬರಬೇಕಾದ ಕಡೆಗಳಲ್ಲಿ. ನನ್ನ ದೃಷ್ಟಿಯಲ್ಲಿ ಈ ಇಡೀ ಇತಿಹಾಸದ ತಿರುವು ಈ ಅಧ್ಯಯನವೇ, ಏಕೆಂದರೆ ದವಡೆಯೊಳಗಿರುವವು ಕೆಟ್ಟ ಹಲ್ಲುಗಳಲ್ಲ, ತಡವಾದ ಹಲ್ಲುಗಳು ಎಂಬುದು ಇಲ್ಲಿ ಅಳತೆಗೆ ಸಿಕ್ಕಿತು.

ವಂಶವಾಹಿಯ ಪತ್ತೆ ಬೇಗಬೇಗ ನಡೆಯಿತು. 1995ರಲ್ಲಿ ಅದರ ಜಾಡು 6ನೇ ವರ್ಣತಂತುವಿನಲ್ಲಿ ಸಿಕ್ಕಿತು. 1997ರಲ್ಲಿ ಹಲವು ತಂಡಗಳ ಪ್ರಬಂಧಗಳು ಒಟ್ಟಿಗೇ ಹೊರಬಂದವು. ಸ್ಟೆಫಾನ್ ಮುಂಡ್‌ಲೋಸ್ ಮತ್ತು ಸಂಗಡಿಗರು ಈಗ ರಂಕ್ಸ್-2 ಎಂದು ಕರೆಯುವ ವಂಶವಾಹಿಯ ಮಾರ್ಪಾಡುಗಳನ್ನು ರೋಗಿಗಳಲ್ಲಿ ಗುರುತಿಸಿದರು. ಜಪಾನಿನ ತೋಶಿಹಿಸಾ ಕೊಮೊರಿ ಅವರ ತಂಡ ಈ ವಂಶವಾಹಿಯ ಎರಡೂ ಪ್ರತಿಗಳನ್ನು ಕಳೆದುಕೊಂಡ ಇಲಿಮರಿಗಳಲ್ಲಿ ಮೃದ್ವಸ್ಥಿ ಮಾತ್ರವಿದ್ದು ಮೂಳೆಯೇ ಕಟ್ಟಿರಲಿಲ್ಲ ಎಂದು ತೋರಿಸಿತು. ಉಸಿರಾಡಲಾಗದೆ ಅವು ಹುಟ್ಟಿದ ಕೂಡಲೇ ಸತ್ತವು. ಒಂದೇ ಪ್ರತಿ ಕೆಟ್ಟ ಇಲಿಗಳಲ್ಲಿ ಕೊರಳೆಲುಬು, ನೆತ್ತಿಗಳ ದೋಷ ಮನುಷ್ಯರಂತೆಯೇ ಇತ್ತು, ಆದರೆ ಹೆಚ್ಚುವರಿ ಹಲ್ಲುಗಳಿರಲಿಲ್ಲ. ಇಲಿಗೆ ಹಾಲುಹಲ್ಲು ಬಿದ್ದು ಹೊಸದು ಬರುವ ಪದ್ಧತಿಯೇ ಇಲ್ಲವಾದ್ದರಿಂದ ಅಲ್ಲಿ ಉತ್ತರ ಸಿಗುವುದು ಕಷ್ಟವಿತ್ತು. ಆದರೂ ಹೆಲ್ಸಿಂಕಿಯಲ್ಲಿ ಇರ್ಮಾ ಥೆಸ್‌ಲೆಫ್ ಅವರ ತಂಡ 2005ರಲ್ಲಿ ಇಂಥ ಇಲಿಭ್ರೂಣಗಳ ಮೇಲ್ದವಡೆಯಲ್ಲಿ, ಹಲ್ಲಿನ ಒಳಪಕ್ಕಕ್ಕೆ ಪುಟ್ಟ ಮೊಗ್ಗುಗಳನ್ನು ಕಂಡಿತು. ಎರಡನೇ ಹಲ್ಲಿನ ಹುಟ್ಟನ್ನು ತಡೆದಿಡುವುದೂ ರಂಕ್ಸ್-2ರ ಕೆಲಸಗಳಲ್ಲೊಂದು ಎಂಬ ಸೂಚನೆ ಅಲ್ಲಿತ್ತು. ಹಲ್ಲಿನ ಮೇಲಿನ ಮೂಳೆಯನ್ನು ಕರಗಿಸಿ ದಾರಿ ತೆರೆಯುವ ಕೋಶಗಳನ್ನು ಕರೆತರುವಲ್ಲೂ ಇದೇ ವಂಶವಾಹಿಗೆ ಪಾತ್ರವಿದೆ.

ತಲೆ ಮತ್ತು ಮುಖದ ಇತರ ಜನ್ಮಜಾತ ಸ್ಥಿತಿಗಳಲ್ಲಿ ಹಲ್ಲಿನ ಕಥೆ ಬೇರೆ. 1906ರಲ್ಲಿ ಏಪರ್, 1912ರಲ್ಲಿ ಕ್ರೂಜಾನ್ ವಿವರಿಸಿದ ಸ್ಥಿತಿಗಳಲ್ಲಿ ಬುರುಡೆಯ ಹೊಲಿಗೆಗಳು ಬೇಗ ಕೂಡಿಕೊಂಡು ಮೇಲ್ದವಡೆ ಕಿರಿದಾಗುತ್ತದೆ, ಹಲ್ಲುಗಳು ಒತ್ತೊತ್ತಾಗುತ್ತವೆ. ಸೀಳು ತುಟಿ ಮತ್ತು ಸೀಳು ಅಂಗುಳದವರಲ್ಲಿ ಸೀಳಿನ ಪಕ್ಕದ ಬಾಚಿಹಲ್ಲು ಕಾಣೆಯಾಗುವುದು ಸಾಮಾನ್ಯ.

ಜನರ ಗಮನ ಈ ಸ್ಥಿತಿಯತ್ತ ಹರಿದದ್ದು 2016ರಲ್ಲಿ, ಸ್ಟ್ರೇಂಜರ್ ಥಿಂಗ್ಸ್ ಎಂಬ ಅಮೆರಿಕನ್ ಧಾರಾವಾಹಿಯಿಂದ. ಅದರಲ್ಲಿ ಆಗ ಬಾಲನಟನಾಗಿದ್ದ ಗೇಟನ್ ಮಟರಾಜೊಗೆ ಈ ಸ್ಥಿತಿಯಿದೆ. ಅವನ ಪಾತ್ರಕ್ಕೂ ಇದೆ. ಹೆಚ್ಚುವರಿ ಹಲ್ಲುಗಳನ್ನು ತೆಗೆಸಿಕೊಂಡ ಶಸ್ತ್ರಚಿಕಿತ್ಸೆಗಳ ಬಗ್ಗೆ ಅವನು ಬಹಿರಂಗವಾಗಿ ಮಾತಾಡಿದ್ದಾನೆ.

ಇಂದು ರಕ್ತಪರೀಕ್ಷೆಯಿಂದ ಎಳೆ ಮಗುವಿನಲ್ಲೇ ಸ್ಥಿತಿಯನ್ನು ಗುರುತಿಸಬಹುದು. ಬಾಧಿತರ ಪ್ರತಿ ಮಗುವಿಗೂ ಇದು ಬರುವ ಸಾಧ್ಯತೆ ಶೇಕಡಾ 50. ಕುಟುಂಬದಲ್ಲಿ ಯಾರಿಗೂ ಇಲ್ಲದೆ ಹೊಸದಾಗಿ ಹುಟ್ಟುವ ಪ್ರಕರಣಗಳೂ ಸಾಕಷ್ಟಿವೆ. ಅಂಥ ಕುಟುಂಬಗಳಲ್ಲಿ, ಎಂಟು ವರ್ಷವಾದರೂ ಮುಂದಿನ ಹಾಲುಹಲ್ಲು ಅಲುಗಾಡದಿದ್ದಾಗ ತೆಗೆಸಿದ ಓಪಿಜಿಯೇ ಎಷ್ಟೋ ಬಾರಿ ಮೊದಲ ಸುಳಿವಾಗುತ್ತದೆ. ಸಕಾಲಕ್ಕೆ ಪತ್ತೆಯಾದ ಮಕ್ಕಳು ವರ್ಷಗಳ ಚಿಕಿತ್ಸೆಯ ನಂತರ ಸ್ವಂತ ಹಲ್ಲುಗಳಿಂದಲೇ ಅಗಿದು ತಿನ್ನುತ್ತಾರೆ. ದೊಡ್ಡವರಾದ ಮೇಲೆ ಬಂದವರಲ್ಲಿ ಒಳಗಿನ ಹಲ್ಲುಗಳನ್ನು ಎಳೆದು ತರುವುದು ಕಷ್ಟ. ಅವರಿಗೆ ಮೂಳೆ ಕಸಿ ಮಾಡಿ ಇಂಪ್ಲಾಂಟ್ ಕೂರಿಸುವ ದಾರಿಯಿದೆ, ಅಲ್ಲಿಯವರೆಗೆ ಗಟ್ಟಿಯಾಗಿರುವ ಹಾಲುಹಲ್ಲುಗಳನ್ನು ಕ್ಯಾಪ್ ಹಾಕಿ ಕಾಪಾಡಿಕೊಳ್ಳಲಾಗುತ್ತದೆ.