ಮರಳ ಮೇಲೆ ಬರೆದ ನಾಲ್ವರು ಬಾಲಕರು

ಗೋವೆಯಲ್ಲಿ ನೆಲೆಸಿದ ನಾವು ಈ ನೆಲಕ್ಕೂ ಕನ್ನಡಕ್ಕೂ ಇರುವ ನಂಟನ್ನು ಹೇಳುವಾಗ ಕದಂಬರ ಶಾಸನಗಳಿಂದ ಆರಂಭಿಸುವುದು ವಾಡಿಕೆ. ಅದು ತಕ್ಕುದೇ. ಆದರೆ ಈ ಸಲ ಕಲ್ಲಿನ ಮೇಲಣ ಅಕ್ಷರಗಳನ್ನು ಬದಿಗಿಟ್ಟು, ಬರೆದ ಗಳಿಗೆಯಲ್ಲೇ ಅಳಿಸಿಹೋದ ಅಕ್ಷರಗಳ ಸಂಗತಿಯೊಂದನ್ನು ಓದುಗರ ಮುಂದಿಡುತ್ತೇವೆ. ಗೋವೆಯಿಂದ ಹೊರಟ ಪರದೇಶಿಯೊಬ್ಬನ ಕುತೂಹಲದಿಂದ ಅದು ಉಳಿದು ಬಂದಿದೆ.

ರೋಮ್ ನಗರದ ಪಿಯೆತ್ರೊ ಡೆಲ್ಲಾ ವಾಲೆ ಗೋವೆಗೆ ಬಂದದ್ದು 1623ರಲ್ಲಿ. ಪೋರ್ಚುಗೀಸ್ ವೈಸರಾಯನು ಕೆಳದಿಯ ವೆಂಕಟಪ್ಪ ನಾಯಕನ ಬಳಿಗೆ ರಾಯಭಾರಿಯನ್ನು ಕಳುಹಿಸಿದಾಗ, ಕನ್ನಡ ನಾಡನ್ನು ನೋಡುವ ಆಸೆಯಿಂದ ಇವನೂ ಜೊತೆಗೂಡಿದ. ಸಮುದ್ರಮಾರ್ಗವಾಗಿ ಹೊನ್ನಾವರ, ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿ: ಇದು ಅವರ ದಾರಿ. ರಾಯಭಾರದ ರಾಜಕಾರಣ ನಮಗಿಲ್ಲಿ ಬೇಡ. ಘಟ್ಟದ ದಾರಿಯಲ್ಲಿ ಹೊರೆಗಳನ್ನು ಅಣಿಗೊಳಿಸಲು ತಡವಾಯಿತು. ಹೊತ್ತು ಕಳೆಯಲು ಅವನು ಒಂದು ದೇವಾಲಯದ ಜಗುಲಿಯಲ್ಲಿ ಕುಳಿತ. ಆ ಬಿಡುವಿನಲ್ಲಿ ಕಂಡದ್ದನ್ನು ನೇಪಲ್ಸಿನ ತನ್ನ ಗೆಳೆಯನಿಗೆ ಪತ್ರದಲ್ಲಿ ವಿವರವಾಗಿ ಬರೆದ.

ಜಗುಲಿಯಲ್ಲಿ ನಾಲ್ವರು ಹುಡುಗರು ಲೆಕ್ಕದ ಪಾಠವನ್ನು ಒಪ್ಪಿಸಿಕೊಳ್ಳುತ್ತಿದ್ದರು. ಗುರು ಅಲ್ಲಿರಲಿಲ್ಲ. ಒಬ್ಬನು ಪಾಠದ ಒಂದು ತುಣುಕನ್ನು ರಾಗವಾಗಿ ಹೇಳುತ್ತ, ಹೇಳಿದ್ದನ್ನು ಆಗಲೇ ನೆಲದ ಮೇಲೆ ಹರಡಿದ್ದ ನುಣುಪಾದ ಮರಳಿನಲ್ಲಿ ಬೆರಳಿನಿಂದ ಬರೆಯುವನು. ಉಳಿದ ಮೂವರೂ ಅದೇ ರಾಗದಲ್ಲಿ ಹೇಳಿ ಅದನ್ನೇ ಬರೆಯುವರು. ಬಳಿಕ ಮುಂದಿನ ತುಣುಕು. ನೆಲ ತುಂಬಿದರೆ ಕೈಯಿಂದ ಅಳಿಸಿ, ಪಕ್ಕದ ಗುಡ್ಡೆಯಿಂದ ಹೊಸ ಮರಳನ್ನು ಚೆಲ್ಲುವರು. ಓದುಬರಹವನ್ನೂ ಹೀಗೆಯೇ ಕಲಿಯುತ್ತೇವೆ, ಕಾಗದ, ಮಸಿ ಕೆಡುವುದಿಲ್ಲ ಎಂದು ಹುಡುಗರು ತಿಳಿಸಿದರು. ತಪ್ಪಿದರೆ ತಿದ್ದುವವರು ಯಾರು ಎಂದು ಪ್ರವಾಸಿ ಕೇಳಿದ. ನಾಲ್ವರೂ ಒಂದೇ ಕಡೆ ಮರೆಯುವುದು ಹೇಗೆ ಸಾಧ್ಯ, ಒಬ್ಬನಿಗೆ ಮರೆತದ್ದನ್ನು ಇನ್ನೊಬ್ಬ ನೆನಪಿಸುತ್ತಾನೆ ಎಂಬುದು ಅವರ ಉತ್ತರ.

ಆ ಹುಡುಗರು ಹಾಡುತ್ತಿದ್ದ ಮಾತು ಯಾವುದು? ಒಂದು ಒಂದರಿಂದ ಒಂದೇ ಆಗುವುದೆಂಬ ಅರ್ಥದಲ್ಲಿ ಪ್ರವಾಸಿ ಅದನ್ನು ತನ್ನ ನುಡಿಗೆ ತಂದುಕೊಂಡಿದ್ದಾನೆ. ನಮ್ಮ ಕಿವಿಗೆ ಅದರಲ್ಲಿ ‘ಒಂದೊಂದ್ಲ ಒಂದು’ ಕೇಳಿಸುತ್ತದೆ. ಇದು ನಮ್ಮ ಊಹೆಯೇ ಹೌದು. ಆದರೆ ಸಂಜೆ ದೀಪದ ಮುಂದೆ ಮಗ್ಗಿ ಒಪ್ಪಿಸಿದ ಯಾರಿಗೂ ಈ ಊಹೆ ಅತಿಯೆನಿಸದು.

ಅದೇ ಕಾಲದ ಗೋವೆಯನ್ನು ನೆನೆಯೋಣ. ಭಾರತದ ಮೊದಲ ಮುದ್ರಣಯಂತ್ರ ಇಲ್ಲಿ ಕೆಲಸ ತೊಡಗಿದ್ದು 1556ರಲ್ಲಿ. ಪ್ರವಾಸಿ ಬರುವ ಹಿಂದಿನ ವರ್ಷವಷ್ಟೇ, 1622ರಲ್ಲಿ, ಥಾಮಸ್ ಸ್ಟೀಫನ್ಸರ ಕೊಂಕಣಿ ಧರ್ಮಬೋಧೆ ರಾಯತೂರಿನಲ್ಲಿ ರೋಮನ್ ಲಿಪಿಯಲ್ಲಿ ಅಚ್ಚಾಗಿತ್ತು. ಆ ಕೊಂಕಣಿಯನ್ನು ಪೋರ್ಚುಗೀಸರು ‘ಕನಾರಿಂ’ ಎನ್ನುತ್ತಿದ್ದರು, ಹಳ್ಳಿಗಳ ಲೆಕ್ಕಪತ್ರಗಳು ಕನ್ನಡಕ್ಕೆ ಹತ್ತಿರವಾದ ಕಂದವಿ ಲಿಪಿಯಲ್ಲಿದ್ದವು. ಹೀಗೆ ಅಚ್ಚಿನ ಮನೆಯಿದ್ದ ಊರಿನಿಂದ ಹೊರಟವನು ಬೆರಗಾದದ್ದು ಒಂದು ಹಿಡಿ ಮರಳನ್ನು ಕಂಡು!

ಒಂದೂವರೆ ಶತಮಾನಕ್ಕೂ ಮಿಕ್ಕಿದ ಕಾಲದ ಬಳಿಕ ಸ್ಕಾಟ್ಲೆಂಡಿನ ಆಂಡ್ರೂ ಬೆಲ್ ಮದರಾಸಿನ ದೇಶೀಯ ಶಾಲೆಯಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ನೋಡಿ, ಎಗ್ಮೋರಿನ ಅನಾಥಾಲಯದಲ್ಲಿ ಅದನ್ನು ಬಳಕೆಗೆ ತಂದ. ಬಲ್ಲ ಹುಡುಗನಿಂದ ಅರಿಯದ ಹುಡುಗನಿಗೆ ಕಲಿಸುವ ಅವನ ಪದ್ಧತಿ, 1797ರಲ್ಲಿ ಪುಸ್ತಕ ಹೊರಬಂದ ಮೇಲೆ, ಮದರಾಸಿನ ಹೆಸರಿನಲ್ಲೇ ಇಂಗ್ಲೆಂಡಿನಲ್ಲಿ ಹರಡಿತು.

ಹಳೆಯದೆಲ್ಲ ಹೊನ್ನೆಂದು ನಾವು ಹೇಳಲಾರೆವು. ಜಗುಲಿಯಲ್ಲಿದ್ದವರು ಹುಡುಗರು ಮಾತ್ರ ಎಂಬುದನ್ನು ಗಮನಿಸಬೇಕು. ಹೆಣ್ಣುಮಕ್ಕಳಿಗೂ ಬಹುಪಾಲು ದುಡಿಯುವ ಜಾತಿಗಳವರಿಗೂ ಆ ಮರಳು ದೂರವೇ ಇತ್ತು. ಐಗಳ ಮಠದ ಕೋದಂಡವನ್ನೂ ಮರೆಯುವಂತಿಲ್ಲ. ಆದರೆ ತಪ್ಪಿದರೆ ಅಳಿಸಬಹುದೆಂಬ ಧೈರ್ಯ, ಬಾಯಿ ಕೈ ಎರಡೂ ಒಟ್ಟಿಗೆ ನಡೆಯುವ ಅಭ್ಯಾಸ, ಒಡನಾಡಿಯ ನೆರವು, ಇವು ಎಳೆಯ ಮಗುವಿಗೆ ಇಂದೂ ಬೇಕು. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಮೊಳೆತು ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ನಲಿ-ಕಲಿಯಲ್ಲಿಯೂ ಮಕ್ಕಳು ಗುಂಪುಗಳಲ್ಲಿ ಕುಳಿತು ಗೆಳೆಯರ ನೆರವಿನಿಂದ ಕಲಿಯುತ್ತಾರೆ. ಅಲ್ಲಿ ಅಕ್ಷರಗಳು ‘ಅ ಆ’ದಿಂದಲ್ಲ, ಬರೆಯಲು ಸುಲಭವಾದ ‘ರ ಗ ಸ ದ’ದಿಂದ ತೊಡಗುತ್ತವೆ.

ಇನ್ನು ನಮ್ಮ ಮನೆಗಳು. ವಾಸ್ಕೋ, ಝುವಾರಿನಗರ, ಮಡಗಾಂವ್, ಮಾಪುಸಾಗಳಲ್ಲಿ ಬೆಳೆಯುವ ನಮ್ಮ ಅನೇಕ ಮಕ್ಕಳಿಗೆ ಶಾಲೆಯಲ್ಲಿ ಮೊದಲು ಸಿಗುವುದು ರೋಮನ್ ಇಲ್ಲವೇ ನಾಗರಿ ಅಕ್ಷರ. ವಿಜಯಪುರ, ಬಾಗಲಕೋಟೆ, ಗದಗಗಳಿಂದ ದುಡಿಮೆಗೆ ಬಂದ ತಂದೆತಾಯಿಯರ ಕನ್ನಡ ಅವರ ಕಿವಿಯಲ್ಲಿದೆ, ಬೆರಳಿಗೆ ಬಂದಿಲ್ಲ. ಅಜ್ಜಿ ಊರಿನಿಂದ ದೂರವಾಣಿಯಲ್ಲಿ ಕಥೆ ಹೇಳಿದರೆ ನಗುವ ಮಗು, ಅದೇ ಅಜ್ಜಿಯ ಊರಿನ ಬಸ್ಸಿನ ಫಲಕವನ್ನು ಓದಲಾರದು. ತಾಯಿಗೆ ಓದು ಬಾರದಿದ್ದರೂ ಕಾಗುಣಿತವನ್ನು ರಾಗವಾಗಿ ಹೇಳಿಸುವ ಅಕ್ಕನೋ ನೆರೆಮನೆಯ ಹುಡುಗನೋ ಇದ್ದರೆ ಸಾಕು. ಒಂದು ತಟ್ಟೆ, ಅದರಲ್ಲಿ ಹಿಡಿ ಮರಳು. ಕಡಲತೀರದ ಈ ಊರಿನಲ್ಲಿ ಅದನ್ನು ಕೊಳ್ಳಬೇಕಾಗಿಲ್ಲ. ಈ ಸಮ್ಮೇಳನದಿಂದ ಮನೆಗೆ ಮರಳಿದ ವಾರವೇ, ಅಕ್ಕಪಕ್ಕದ ನಾಲ್ಕು ಮಕ್ಕಳನ್ನು ಕೂಡಿಸಿ ‘ರ’ದಿಂದ ತೊಡಗಬಹುದು.